ಬರ್ಲಿನ್‌ನಿಂದ ತಾತಗುಣಿಯವರೆಗೆ: ದೇವಿಕಾ ರಾಣಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಫೋನ್ ಮಾಡಿದರು. ಈಗಾಗಲೇ ಯಾರ ಯಾರ ಬಗ್ಗೆ ಲೇಖನ ಬಂದಿದೆ ಎಂದು ನಾನು ವಿಚಾರಿಸಿದೆ. ವಿಶ್ವೇಶ್ವರಯ್ಯನವರ ಬಗ್ಗೆ ಮೂರು, ಕುವೆಂಪು ಅವರ ಬಗ್ಗೆ ಎರಡು, ಅಬ್ದುಲ್ ಕಲಾಂ ಅವರ ಬಗ್ಗೆ ಎರಡು ಬಂದಿವೆಯಂತೆ. ಹಾಗಾಗಿ ನಾನು ಒಬ್ಬ ಸಿನಿಮಾ ನಟಿಯ ಬಗ್ಗೆ ಬರೆಯುತ್ತಿದ್ದೇನೆ. ಶಾಲೆಯ ಪುಸ್ತಕದಲ್ಲಿ ಇದೇನು ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು. ಇದಕ್ಕೆ ಎರಡು ಕಾರಣಗಳಿವೆ. ಒಂದು, ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ನನ್ನ ಮೇಲೆ ಉಳಿದುಹೋದ ಒಂದು ಬಾಕಿ. ಇನ್ನೊಂದು, ನಾನು ರೈಲ್ವೆ ಗೇಟಿನ ಮನೆಯಲ್ಲಿ ಬೆಳೆದವನು. ಅದು ಮುಂದೆ ಬರುತ್ತದೆ.

ಬಾಕಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧದ ನಂತರದ ಜರ್ಮನಿಯ ಪಾಠವನ್ನು ನಮ್ಮ ಮೇಷ್ಟ್ರು ಮನಸ್ಸಿನಲ್ಲಿ ಉಳಿಯುವ ಹಾಗೆ ಮಾಡುತ್ತಿದ್ದರು. ವರ್ಸೈಲ್ಸ್ ಒಪ್ಪಂದ, ಯುದ್ಧದ ಪರಿಹಾರದ ಹಣ, ನೋಟುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಿ ಬ್ರೆಡ್ ತರುತ್ತಿದ್ದ ಜನ, ಆಮೇಲೆ ಹಿಟ್ಲರ್. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಮಾರ್ಕ್ ಕೊಡಬೇಕಿತ್ತು. ಆ ಸೊನ್ನೆಗಳನ್ನು ಅವರು ಬೋರ್ಡಿನ ಮೇಲೆ ಬರೆಯುತ್ತಾ ಹೋದಾಗ ಬಳಪ ಮುರಿದದ್ದು ನನಗೆ ನೆನಪಿದೆ. ನಾನು ಎದ್ದು ನಿಂತು, ಅಷ್ಟೊಂದು ಕಷ್ಟದಲ್ಲಿದ್ದ ಜನ ಸಿನಿಮಾ ನೋಡುತ್ತಿದ್ದರಾ ಸಾರ್ ಎಂದು ಕೇಳಿದೆ. ತರಗತಿ ಪೂರ್ತಿ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಅದು ಪುಸ್ತಕದಲ್ಲಿಲ್ಲ, ತಿಳಿದರೆ ಬಂದು ನನಗೂ ಹೇಳು ಎಂದರು. ಇಪ್ಪತ್ತು ವರ್ಷ ತಡವಾಗಿದೆ. ನಿವೃತ್ತರಾಗಿರುವ ಅವರು ಸಮಾರಂಭಕ್ಕೆ ಬರುತ್ತಾರೆಂದು ಕೇಳಿದ್ದೇನೆ. ಸಾರ್, ಇದು ನಿಮಗೆ.

ನೋಡುತ್ತಿದ್ದರು. ಯೂರೋಪಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಿನಿಮಾ ಮಾಡುತ್ತಿದ್ದವರೂ ಅವರೇ. ಯುದ್ಧದಲ್ಲಿ ಸೋತು ಚಕ್ರವರ್ತಿಯೇ ಓಡಿಹೋದ ಮೇಲೆ ಅಲ್ಲಿ ಹಳೆಯದೆಲ್ಲ ಸಡಿಲವಾಯಿತು. ಹಳೆಯ ಸೆನ್ಸಾರ್ ಕೆಲಕಾಲ ಇಲ್ಲವೇ ಇಲ್ಲ ಎನ್ನುವಂತಾಯಿತು. ಬರ್ಲಿನ್ ತುಂಬಾ ಹಾಡು ಕುಣಿತದ ಹೋಟೆಲುಗಳು, ನಾಟಕದ ಮನೆಗಳು, 1923ರಿಂದ ರೇಡಿಯೋ. ವೈಮಾರ್ ಎಂಬ ಊರಿನಲ್ಲಿ 1919ರಲ್ಲಿ ಬೌಹೌಸ್ ಎಂಬ ಕಲಾಶಾಲೆ ಶುರುವಾಯಿತು. ಬಡಗಿ, ನೇಕಾರ, ಚಿತ್ರಗಾರ, ಮನೆ ಕಟ್ಟುವವನು ಎಲ್ಲರೂ ಒಂದೇ ಸೂರಿನಡಿ ಕಲಿಯಬೇಕು ಎನ್ನುವುದು ಅವರ ಪದ್ಧತಿ. ಬೇಲೂರು ಹಳೇಬೀಡಿನ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ದಾಸೋಜ, ಅವನ ಮಗ ಚಾವಣ, ಇವರೆಲ್ಲ ಕಲ್ಲು ಕೆಲಸದವರೋ ಕಲಾವಿದರೋ ಎಂದು ಆ ಕಾಲದಲ್ಲಿ ಯಾರೂ ಕೇಳಿರಲಾರರು. ಜರ್ಮನರು ಅಲ್ಲಿಗೆ ಬರಲು ಒಂದು ಮಹಾಯುದ್ಧವೇ ಬೇಕಾಯಿತು. ಈ ಬೌಹೌಸ್‌ನವರ ಚಿತ್ರಗಳು 1922ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ಪ್ರದರ್ಶನಕ್ಕೆ ಬಂದಿದ್ದವು.

ಸಿನಿಮಾದಲ್ಲಿ ದೊಡ್ಡ ಕಂಪನಿ ಎಂದರೆ ಊಫಾ. ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್‌ನಲ್ಲಿ ಅದರ ಸ್ಟುಡಿಯೋ. ಫ್ರಿಟ್ಸ್ ಲಾಂಗ್ 1927ರಲ್ಲಿ ತೆರೆಗೆ ತಂದ 'ಮೆಟ್ರೊಪೊಲಿಸ್' ಅಲ್ಲಿಯದು. ಮನುಷ್ಯರ ಹಾಗಿರುವ ಯಂತ್ರವೊಂದು ಅದರಲ್ಲಿ ಬರುತ್ತದೆ. ನಮ್ಮ ಸಾಫ್ಟ್‌ವೇರಿನವರು ಇಂದು ದಿನಕ್ಕೆ ಹತ್ತು ಸಲ ಚರ್ಚೆ ಮಾಡುವ ಭಯವೆಲ್ಲ ಅದರಲ್ಲಿ ಆಗಲೇ ಇತ್ತು. ಕಂಪನಿಗೆ ಆ ಚಿತ್ರದಿಂದ ಭಾರೀ ನಷ್ಟವೂ ಆಯಿತು. ಈ ಸ್ಟುಡಿಯೋದ ಒಳಗೆ 1929ರ ಸುಮಾರಿಗೆ ಇಪ್ಪತ್ತೊಂದು ವರ್ಷದ ಒಬ್ಬ ಭಾರತೀಯ ಹೆಣ್ಣುಮಗಳು ಬಂದು ಮೇಕಪ್, ವೇಷಭೂಷಣ, ಸೆಟ್ ಕೆಲಸ ಕಲಿಯುತ್ತಿದ್ದಳು. ಅವರೇ ದೇವಿಕಾ ರಾಣಿ.

ಹುಟ್ಟಿದ್ದು 1908ರ ಮಾರ್ಚ್ 30ರಂದು, ವಿಶಾಖಪಟ್ಟಣದ ವಾಲ್ಟೇರಿನಲ್ಲಿ, ಬಂಗಾಳಿ ಮನೆತನದಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯರು. ರವೀಂದ್ರನಾಥ ಠಾಕೂರರು ಹತ್ತಿರದ ಬಂಧು. ಒಂಬತ್ತನೇ ವಯಸ್ಸಿಗೇ ಮಗಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿದರು. ಅಲ್ಲಿ ನಾಟಕ, ಸಂಗೀತ, ಬಟ್ಟೆಯ ಮೇಲಿನ ವಿನ್ಯಾಸ ಕಲಿತರು. ಇಪ್ಪತ್ತು ವರ್ಷಕ್ಕೆ ಲಂಡನ್ನಿನಲ್ಲಿ ಸ್ವಂತ ದುಡಿಮೆ ಮಾಡುತ್ತಿದ್ದ ಹೆಣ್ಣು. ನಮ್ಮ ಕಡೆ ಆಗ ಹುಡುಗಿಯರು ನಾಲ್ಕನೇ ಇಯತ್ತೆ ಮುಗಿಸಿದರೆ ಹೆಚ್ಚು. ಆದ್ದರಿಂದ ಬಡತನದಿಂದ ಮೇಲೆ ಬಂದವರ ಕಥೆ ಇದಲ್ಲ. ಅದನ್ನು ಮರೆಮಾಚುವುದು ಬೇಡ.

1928ರಲ್ಲಿ ಹಿಮಾಂಶು ರಾಯ್ ಪರಿಚಯವಾಯಿತು. ಕಾನೂನು ಓದಲು ಲಂಡನ್ನಿಗೆ ಹೋಗಿ ನಾಟಕದ ಹುಚ್ಚು ಹತ್ತಿಸಿಕೊಂಡ ಬಂಗಾಳಿ ಅವರು. 1924ರಲ್ಲೇ ಮ್ಯೂನಿಕ್ ನಗರದ ಎಮೆಲ್ಕಾ ಕಂಪನಿಯ ಬಾಗಿಲು ತಟ್ಟಿ, ನೀವು ಕ್ಯಾಮೆರಾ ಮತ್ತು ತಂತ್ರಜ್ಞರನ್ನು ಕೊಡಿ, ದುಡ್ಡು ಮತ್ತು ನಟರನ್ನು ನಾನು ಭಾರತದಲ್ಲಿ ಒದಗಿಸುತ್ತೇನೆ ಎಂಬ ಕರಾರಿಗೆ ಒಪ್ಪಿಸಿದ್ದರು. ಹಾಗೆ ಬಂದದ್ದು 1925ರ 'ಪ್ರೇಮ ಸನ್ಯಾಸ', ಬುದ್ಧನ ಕಥೆ. ನಿರ್ದೇಶಕ ಫ್ರಾಂಜ್ ಓಸ್ಟನ್. ಬುದ್ಧನ ಪಾತ್ರ ಸ್ವತಃ ರಾಯ್ ಅವರದೇ. ನಂತರ 1928ರಲ್ಲಿ ತಾಜಮಹಲಿನ ಕಥೆ 'ಶಿರಾಜ್', 1929ರಲ್ಲಿ ಮಹಾಭಾರತದ ಜೂಜನ್ನು ನೆನಪಿಸುವ 'ಪ್ರಪಂಚ ಪಾಶ'. ಆಗ ಮೂಕಿ ಚಿತ್ರಗಳಾದ್ದರಿಂದ ಇದೆಲ್ಲ ಸುಲಭವಾಯಿತು. ಚಿತ್ರ ಒಂದೇ, ನಡುವೆ ಬರುವ ಬರಹದ ಹಲಗೆಗಳನ್ನು ಜರ್ಮನ್ನಿಗೋ ಇಂಗ್ಲಿಷಿಗೋ ಬದಲಾಯಿಸಿದರೆ ಮುಗಿಯಿತು. ಒಂದೇ ಪ್ರೋಗ್ರಾಮಿಗೆ ಬೇರೆ ಬೇರೆ ಭಾಷೆಯ ಸ್ಕ್ರೀನ್ ಕೂರಿಸುವ ನಮ್ಮ ಕೆಲಸವೂ ಅದೇ.

ಈ ಮೂರನೇ ಚಿತ್ರದ ವೇಷಭೂಷಣ ಮತ್ತು ಕಲಾ ವಿಭಾಗಕ್ಕೆ ದೇವಿಕಾ ರಾಣಿ ಬಂದು ಸೇರಿದರು. ನಟಿಯಾಗಿ ಅಲ್ಲ ಎನ್ನುವುದನ್ನು ಗಮನಿಸಬೇಕು. ಅದೇ ವರ್ಷ ಮದುವೆ. ರಾಯ್ ಅವರಿಗೆ ಜರ್ಮನಿಯಲ್ಲಿ ಮೊದಲೇ ಒಬ್ಬ ಹೆಂಡತಿ, ಒಬ್ಬಳು ಮಗಳು ಇದ್ದರು. ಸಿನಿಮಾ ಇತಿಹಾಸದ ಪುಸ್ತಕಗಳು ಬಹಳ ಕಾಲ ಅವರ ಸುದ್ದಿಯನ್ನೇ ಎತ್ತಲಿಲ್ಲ. ಚಿತ್ರದ ಉಳಿದ ಕೆಲಸಕ್ಕೆ ಗಂಡ ಹೆಂಡತಿ ಬರ್ಲಿನ್ನಿಗೆ ಹೋದರು. ಊಫಾದಲ್ಲಿ ಆಗ ದೊಡ್ಡ ನಿರ್ಮಾಪಕ ಎರಿಕ್ ಪೊಮ್ಮರ್. ಮಾರ್ಲೀನ್ ಡೀಟ್ರಿಕ್ ಅವರನ್ನು ಜಗತ್ತಿಗೇ ಪರಿಚಯಿಸಿದ 1930ರ 'ನೀಲಿ ದೇವತೆ' ಅವರದೇ ನಿರ್ಮಾಣ. ಆ ಜನರ ನಡುವೆ ದೇವಿಕಾ ರಾಣಿ ತರಬೇತಿ ಪಡೆದರು. ಜರ್ಮನ್ನರ ದೀಪದ ಕೆಲಸ ವಿಶೇಷವಾದದ್ದು. ಮುಖವನ್ನು ಬೆಳಗುವುದಕ್ಕಿಂತ ಮುಖದ ಅರ್ಧವನ್ನು ಕತ್ತಲಲ್ಲಿ ಬಿಡುವುದು, ಗೋಡೆಯ ಮೇಲೆ ಬಿದ್ದ ನೆರಳಿನಿಂದಲೇ ಮಾತಾಡಿಸುವುದು. ಬೇಲೂರಿನ ದರ್ಪಣ ಸುಂದರಿಯನ್ನು ಬೆಳಗಿನ ಎಂಟು ಗಂಟೆಗೊಮ್ಮೆ, ಸಂಜೆಯ ಐದಕ್ಕೊಮ್ಮೆ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಅರ್ಥವಾಗುತ್ತದೆ.

ಕನ್ನಡದವರು ಇದಕ್ಕೆಲ್ಲ ಪೂರ್ತಿ ಹೊರಗಿನವರೇನಲ್ಲ. ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದ ಮೋಹನ್ ಭವನಾನಿ 'ವಸಂತಸೇನಾ' ಎಂಬ ಮೂಕಿ ಚಿತ್ರ ಮಾಡಿದಾಗ ಅದರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ನಟಿಸಿದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಬಾರದು ಎಂಬ ಕಟ್ಟನ್ನು ಹೀಗೆ ಒಬ್ಬೊಬ್ಬರಾಗಿ ಮುರಿಯುತ್ತಾ ಬಂದರು.

1929ರ ಕೊನೆಗೆ ಜಗತ್ತಿನ ಮಾರುಕಟ್ಟೆ ಕುಸಿಯಿತು, ಅದರ ಹಿಂದೆಯೇ ಮಾತಿನ ಚಿತ್ರ ಬಂತು. ಹಲಗೆ ಬದಲಾಯಿಸುವ ಉಪಾಯ ಇನ್ನು ನಡೆಯುವ ಹಾಗಿರಲಿಲ್ಲ. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಮೇ 10ರಂದು ಬರ್ಲಿನ್ನಿನಲ್ಲಿ ಪುಸ್ತಕಗಳನ್ನು ಸುಟ್ಟರು. ಪೊಮ್ಮರ್ ಯಹೂದಿ ಎಂಬ ಕಾರಣಕ್ಕೆ ಊಫಾ ಅವರನ್ನು ತೆಗೆದುಹಾಕಿತು. ಫ್ರಿಟ್ಸ್ ಲಾಂಗ್ ದೇಶ ಬಿಟ್ಟರು. ಬೌಹೌಸ್ ಶಾಲೆ ಬಾಗಿಲು ಹಾಕಿತು. 1937ರಲ್ಲಿ ಮ್ಯೂನಿಕ್‌ನಲ್ಲಿ ಹೊಸ ಕಾಲದ ಚಿತ್ರಗಳನ್ನೆಲ್ಲ ಗೋಡೆಗೆ ಓರೆಕೋರೆ ತಗುಲಿಹಾಕಿ, ಕೆಟ್ಟುಹೋದ ಕಲೆ ಎಂದು ಹೆಸರಿಟ್ಟು ಜನರನ್ನು ಕರೆದು ನಗಿಸಿದರು. ಹದಿನಾಲ್ಕು ವರ್ಷದ ಆ ಉತ್ಸಾಹವೆಲ್ಲ ಹಾಗೆ ಮುಗಿಯಿತು. ನಮ್ಮ ಪಠ್ಯಪುಸ್ತಕ ಆರಂಭವಾಗುವುದೇ ಅಲ್ಲಿಂದ.

ಹಾಗೆ ಓಡಿಬಂದವರಲ್ಲಿ ಒಬ್ಬರ ಹೆಸರು ಇಲ್ಲಿ ಹೇಳಲೇಬೇಕು. ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರ, ಬರ್ಲಿನ್ನಿನಲ್ಲಿ ಓದಿದವರು, 1934ರಲ್ಲಿ ಮುಂಬೈಗೆ ಬಂದಿಳಿದರು. ಹಾಸನ ಆಕಾಶವಾಣಿ ಬೆಳಿಗ್ಗೆ ಶುರುವಾಗುವ ಮೊದಲು ತಂಬೂರಿಯ ಮೇಲೆ ಪಿಟೀಲು ಬರುತ್ತಿತ್ತಲ್ಲ, ನಾವೆಲ್ಲ ಅದನ್ನು ಕೇಳಿಕೊಂಡೇ ಹಲ್ಲುಜ್ಜಿ ಶಾಲೆಗೆ ಹೊರಟವರು. ಆ ರಾಗ ಅವರದು. ಆಕಾಶವಾಣಿ ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ರೇಡಿಯೋ ಕೇಂದ್ರದ್ದು. ಹೆಸರು ನಮ್ಮದು, ರಾಗ ನಿರಾಶ್ರಿತನದು.

ದೇವಿಕಾ ರಾಣಿ ನಟಿಯಾಗಿ ಕಾಣಿಸಿಕೊಂಡದ್ದು 1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡ 'ಕರ್ಮ' ಎಂಬ ಇಂಗ್ಲಿಷ್ ಚಿತ್ರದಲ್ಲಿ. ಗಂಡನೇ ನಾಯಕ. ಲಂಡನ್ನಿನ ಪತ್ರಿಕೆಗಳು ಅವರ ಇಂಗ್ಲಿಷನ್ನೂ ಚೆಲುವನ್ನೂ ಹೊಗಳಿದವು. ಅದರಲ್ಲಿ ಗಂಡ ಹೆಂಡತಿಯ ದೀರ್ಘ ಮುತ್ತಿನ ದೃಶ್ಯವೊಂದಿದೆ. ದೇವಿಕಾ ರಾಣಿ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಬರುವುದು ಅದೇ. ಇಷ್ಟೆಲ್ಲ ಕೆಲಸ ಮಾಡಿದ ಹೆಣ್ಣಿನ ಬಾಳಿನಲ್ಲಿ ಜನ ಹೆಕ್ಕಿ ಇಟ್ಟುಕೊಂಡದ್ದು ಆ ಒಂದು ದೃಶ್ಯವನ್ನು.

1934ರಲ್ಲಿ ದಂಪತಿಗಳು ಮುಂಬೈಗೆ ಬಂದು ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದರು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದೂ ಅದೇ ವರ್ಷ. ಅದನ್ನು ಕೊಲ್ಹಾಪುರದ ಬಾಡಿಗೆ ಸ್ಟುಡಿಯೋದಲ್ಲಿ ತೆಗೆಯಬೇಕಾಯಿತು. ಆದರೆ ಬಾಂಬೆ ಟಾಕೀಸ್‌ನಲ್ಲಿ ಎಲ್ಲವೂ ಸ್ವಂತದ್ದು: ಸ್ಟುಡಿಯೋ, ಲ್ಯಾಬ್, ಷೇರುದಾರರು, ಲೆಕ್ಕಪತ್ರ, ತಿಂಗಳ ಸಂಬಳ. ಜರ್ಮನಿಯಿಂದ ಓಸ್ಟನ್, ಕ್ಯಾಮೆರಾದ ಜೋಸೆಫ್ ವಿರ್ಷಿಂಗ್, ಸೆಟ್ಟಿನ ಕಾರ್ಲ್ ಫಾನ್ ಸ್ಪ್ರೇಟಿ ಬಂದರು. ಕಲಿಯಲು ಪದವೀಧರ ಹುಡುಗರನ್ನು ಸೇರಿಸಿಕೊಂಡರು. ಕ್ಯಾಂಟೀನಿನಲ್ಲಿ ಎಲ್ಲ ಜಾತಿಯವರೂ ಜೊತೆಗೆ ಕೂತು ಉಣ್ಣಬೇಕಿತ್ತು. 1930ರ ದಶಕದಲ್ಲಿ ಇದು ಸಣ್ಣ ಮಾತಲ್ಲ. ಸಂಗೀತಕ್ಕೆ ಒಬ್ಬ ಪಾರ್ಸಿ ಹೆಣ್ಣುಮಗಳನ್ನು ನೇಮಿಸಿದ್ದಕ್ಕೆ ಅವರ ಸಮುದಾಯದವರು ಗಲಾಟೆ ಎಬ್ಬಿಸಿದರು. ಅವರ ಹೆಸರನ್ನು ಸರಸ್ವತಿ ದೇವಿ ಎಂದು ಬದಲಾಯಿಸಿಕೊಂಡು ಕೆಲಸ ಮುಂದುವರಿಸಿದರು.

ಇಲ್ಲೊಂದು ಪ್ರಸಂಗವನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ, ಶಾಲೆಯ ಪುಸ್ತಕವೆಂದು. ಆದರೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ. 'ಜೀವನ್ ನೈಯಾ' ಚಿತ್ರದ ಕೆಲಸ ನಡೆಯುತ್ತಿದ್ದಾಗ ದೇವಿಕಾ ರಾಣಿ ನಾಯಕನಟ ನಜಮುಲ್ ಹಸನ್ ಜೊತೆ ಕಲ್ಕತ್ತಾಕ್ಕೆ ಹೊರಟುಹೋದರು. ಕಂಪನಿ ಮುಳುಗುವ ಸ್ಥಿತಿ. ಸ್ಟುಡಿಯೋದ ಶಶಧರ್ ಮುಖರ್ಜಿ ಹೋಗಿ ಮಾತಾಡಿ ಅವರನ್ನು ವಾಪಸ್ ಕರೆತಂದರು. ನಾಯಕನ ಕೆಲಸ ಹೋಯಿತು. ಗಂಡ ಹೆಂಡತಿ ಒಂದೇ ಸ್ಟುಡಿಯೋದಲ್ಲಿ ಕೆಲಸ ಮಾಡಿದರು, ಆದರೆ ಸಂಸಾರ ಮೊದಲಿನಂತೆ ಆಗಲಿಲ್ಲ. ತಪ್ಪು ಯಾರದು ಎಂದು ತೀರ್ಪು ಕೊಡಲು ನಾನು ಯಾರು? ಆದರೆ ವಾಪಸ್ ಬಂದ ಮೇಲೆ, ಎಲ್ಲರ ಕಣ್ಣೆದುರು, ಮರುದಿನ ಮೇಕಪ್ ಹಚ್ಚಿಕೊಂಡು ಅದೇ ಸೆಟ್ಟಿನಲ್ಲಿ ನಿಂತರಲ್ಲ, ಆ ಬೆಳಗಿನ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಖಾಲಿಯಾದ ನಾಯಕನ ಜಾಗಕ್ಕೆ ರಾಯ್ ಅವರು ಲ್ಯಾಬಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನನ್ನು ಎಳೆದು ನಿಲ್ಲಿಸಿದರು. ನಟಿಸಲು ಮನಸ್ಸೇ ಇಲ್ಲದಿದ್ದ ಆ ಹುಡುಗ ಅಶೋಕ್ ಕುಮಾರ್.

ಈ ಇಬ್ಬರೂ 1936ರಲ್ಲಿ ನಟಿಸಿದ ಚಿತ್ರ 'ಅಛೂತ್ ಕನ್ಯಾ', ಅಸ್ಪೃಶ್ಯ ಕನ್ಯೆ. ಕಥೆ ನಿರಂಜನ್ ಪಾಲ್ ಅವರದು, ನಿರ್ದೇಶನ ಓಸ್ಟನ್, ಕ್ಯಾಮೆರಾ ವಿರ್ಷಿಂಗ್. ಹಿಂದಿ ಸರಿಯಾಗಿ ಬಾರದ ಜರ್ಮನ್ ನಿರ್ದೇಶಕ, ಲಂಡನ್ನಿನಲ್ಲಿ ಬೆಳೆದ ಬಂಗಾಳಿ ನಟಿ, ಉತ್ತರದ ಹಳ್ಳಿಯ ಕಥೆ. ಕಸ್ತೂರಿ ಎಂಬ ಹುಡುಗಿ. ಅವಳಪ್ಪ ರೈಲ್ವೆ ಗೇಟಿನ ಕಾವಲುಗಾರ, ಅಸ್ಪೃಶ್ಯ. ಹಳ್ಳಿಯ ಬ್ರಾಹ್ಮಣ ಅಂಗಡಿಯವನ ಪ್ರಾಣ ಉಳಿಸಿದ್ದರಿಂದ ಎರಡು ಮನೆಗಳ ನಡುವೆ ಸ್ನೇಹ. ಮಕ್ಕಳು ಕೂಡಿ ಬೆಳೆಯುತ್ತಾರೆ, ಪ್ರೀತಿಸುತ್ತಾರೆ, ಮದುವೆ ಆಗುವ ಹಾಗಿಲ್ಲ. ಕೊನೆಗೆ ಅದೇ ಗೇಟಿನ ಹತ್ತಿರ ಹೊಡೆದಾಟ, ರೈಲು ಬರುತ್ತಿದೆ, ಅದನ್ನು ನಿಲ್ಲಿಸಲು ಓಡಿದ ಕಸ್ತೂರಿ ಅದರಡಿಗೇ ಸಿಕ್ಕಿ ಸಾಯುತ್ತಾಳೆ. ಹಾಡುಗಳನ್ನು ನಟರೇ ಹಾಡಿದ್ದಾರೆ. ಸರೋಜಿನಿ ನಾಯ್ಡು ಅವರು ಜವಾಹರಲಾಲ್ ನೆಹರೂ ಅವರನ್ನು ಕರೆದುಕೊಂಡು ಹೋಗಿ ಇದನ್ನು ನೋಡಿದರು.

ಈಗ ನಮ್ಮ ಮನೆಯ ವಿಷಯ. ನಮ್ಮ ತಾತ ಅರಸೀಕೆರೆ ಕಡೆಯ ಲೈನಿನಲ್ಲಿ ಗೇಟ್‌ಮನ್ ಆಗಿದ್ದರು. ಮೀಟರ್ ಗೇಜ್ ಕಾಲ. ಹಳಿಯ ಪಕ್ಕದಲ್ಲಿ ಒಂದು ಕೋಣೆಯ ಮನೆ, ಎದುರಿಗೆ ನೀರಿನ ಗುಡಾಣ, ಹಿಂದೆ ಎರಡು ತೆಂಗಿನ ಮರ. ಗೇಟು ಹಾಕಿದಾಗ ಕೊಬ್ಬರಿ ಗಾಡಿಗಳೂ ಬಸ್ಸೂ ಸಾಲಾಗಿ ನಿಲ್ಲುತ್ತಿದ್ದವು. ಬೇಸಿಗೆಯಲ್ಲಿ ಜನ ಇಳಿದು ನೀರು ಕೇಳುತ್ತಿದ್ದರು. ಅಜ್ಜಿ ಚೊಂಬು ತೊಳೆದು ತುಂಬಿ ತರುವಷ್ಟರಲ್ಲಿ ಯಾರೋ ಒಬ್ಬರು ಯಾವ ಜನ ಎಂದು ಕೇಳುತ್ತಿದ್ದರಂತೆ. ಹೇಳಿದ ಮೇಲೆ ಬಾಯಾರಿಕೆ ಇಲ್ಲದಾಗುತ್ತಿತ್ತಂತೆ. ತಾತನಿಗೆ ಇದರಿಂದ ಕೋಪ ಬಂದದ್ದನ್ನು ಅಜ್ಜಿ ನೋಡಿಲ್ಲ. ಗೇಟು ತೆಗೆಯುವುದನ್ನು ಮಾತ್ರ ಸ್ವಲ್ಪ ನಿಧಾನ ಮಾಡುತ್ತಿದ್ದರಂತೆ. ರೈಲು ಹೋದ ಮೇಲೂ ಒಂದು ಬೀಡಿ ಮುಗಿಯುವಷ್ಟು ಹೊತ್ತು.

ನಮ್ಮೂರಿಗೆ ಟೂರಿಂಗ್ ಟಾಕೀಸ್ ಟೆಂಟು ಬಂದಾಗ ಅಜ್ಜಿ ಮರಳಿನ ಮೇಲೆ ಕೂತು ಸಿನಿಮಾ ನೋಡುತ್ತಿದ್ದರು. ನೆಲದ ಟಿಕೆಟ್ಟಿಗೆ ಜಾತಿ ಇರಲಿಲ್ಲ. ಕತ್ತಲಾದ ಮೇಲೆ ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಮಧ್ಯೆ ರೀಲು ಬದಲಾಯಿಸಲು ದೀಪ ಹಾಕಿದಾಗ ಜನ ಸ್ವಲ್ಪ ಸರಿದು ಕೂರುತ್ತಿದ್ದರಂತೆ, ಮತ್ತೆ ಕತ್ತಲಾದರೆ ಮೊದಲಿನ ಹಾಗೆ. ಇದನ್ನು ಅಜ್ಜಿ ನಗುತ್ತಲೇ ಹೇಳುತ್ತಾರೆ.

ಈಗ ಒಂದು ವಿಚಿತ್ರ. ಅಸ್ಪೃಶ್ಯತೆಯ ವಿರುದ್ಧದ ಈ ಚಿತ್ರವನ್ನು ನಿರ್ದೇಶಿಸಿದ ಓಸ್ಟನ್ ಅದೇ 1936ರಲ್ಲಿ ಹಿಟ್ಲರನ ನಾಜಿ ಪಕ್ಷದ ಸದಸ್ಯರಾದರು. ಹುಟ್ಟಿನಿಂದಲೇ ಮನುಷ್ಯನನ್ನು ಕೀಳು ಎಂದು ಗುರುತು ಹಾಕುವ ಪಕ್ಷ ಅದು. ಹೊಟ್ಟೆಪಾಡಿಗೋ, ಒತ್ತಡಕ್ಕೋ, ಒಪ್ಪಿಯೋ, ಕಾರಣ ಏನೇ ಇರಲಿ. ಒಬ್ಬನೇ ಮನುಷ್ಯ ಬೆಳಿಗ್ಗೆ ಕಸ್ತೂರಿಯ ಕಣ್ಣೀರಿಗೆ ದೀಪ ಹೊಂದಿಸಿ, ಸಂಜೆ ಆ ಪಕ್ಷದ ಚೀಟಿ ಜೇಬಿನಲ್ಲಿಟ್ಟುಕೊಂಡು ಮಲಾಡ್‌ನಲ್ಲಿ ಓಡಾಡಬಹುದಿತ್ತು. ಒಳ್ಳೆಯ ಚಿತ್ರ ಮಾಡಿದವರೆಲ್ಲ ಒಳ್ಳೆಯವರೇ ಆಗಿರುತ್ತಾರೆ ಎಂದು ನಂಬಿದ್ದ ನನಗೆ ಇದನ್ನು ಅರಗಿಸಿಕೊಳ್ಳಲು ಸಮಯ ಬೇಕಾಯಿತು. ಚಿತ್ರವನ್ನು ಎರಡನೇ ಸಲ ನೋಡಲು ಮನಸ್ಸಾಗಲಿಲ್ಲ. ಆಮೇಲೆ ನೋಡಿದೆ. ಚಿತ್ರ ಬದಲಾಗಿರಲಿಲ್ಲ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷರು ಸ್ಟುಡಿಯೋದ ಜರ್ಮನ್ನರನ್ನು ಹಿಡಿದು ಶಿಬಿರಕ್ಕೆ ಹಾಕಿದರು. ಓಸ್ಟನ್‌ರನ್ನು ವಯಸ್ಸಾಗಿದೆ ಎಂದು ಊರಿಗೆ ಕಳಿಸಿದರು. ವಿರ್ಷಿಂಗ್ ಯುದ್ಧ ಮುಗಿಯುವವರೆಗೂ ಬಂಧನದಲ್ಲಿದ್ದು, ಹೊರಬಂದ ಮೇಲೆ ಭಾರತದಲ್ಲೇ ಉಳಿದರು. 1949ರ 'ಮಹಲ್' ಚಿತ್ರದ ನೆರಳು ಬೆಳಕು ಅವರದೇ. 1967ರಲ್ಲಿ ಮುಂಬೈಯಲ್ಲೇ ತೀರಿಕೊಂಡರು. ಜರ್ಮನ್ನರು ಹೋದ ಹೊಡೆತವನ್ನು ತಾಳಲಾರದೆ, ಕೆಲಸದ ಒತ್ತಡದಲ್ಲಿ, ಹಿಮಾಂಶು ರಾಯ್ 1940ರ ಮೇ 16ರಂದು ಕಣ್ಣುಮುಚ್ಚಿದರು.

ಮೂವತ್ತೆರಡು ವರ್ಷದ ವಿಧವೆ ಕಂಪನಿಯ ಆಡಳಿತ ಹಿಡಿದರು. ನನ್ನ ಮಟ್ಟಿಗೆ ದೇವಿಕಾ ರಾಣಿಯವರ ದೊಡ್ಡ ಕೆಲಸ ಇದೇ. ಹೊರಗೆ ಯುದ್ಧ, ಕಚ್ಚಾ ಫಿಲ್ಮಿಗೆ ರೇಷನ್, ಒಳಗೆ ಎರಡು ಗುಂಪು. ಅದರ ನಡುವೆಯೇ 1943ರಲ್ಲಿ ಅಶೋಕ್ ಕುಮಾರ್ ನಟಿಸಿದ 'ಕಿಸ್ಮತ್' ಬಂತು, ಕಲ್ಕತ್ತಾದ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದೇ ವರ್ಷ ಮುಖರ್ಜಿ, ಅಶೋಕ್ ಕುಮಾರ್ ಮುಂತಾದವರು ಬೇರೆಯಾಗಿ ಫಿಲ್ಮಿಸ್ತಾನ್ ಕಟ್ಟಿಕೊಂಡರು. ಹೆಣ್ಣಿನ ಕೈಕೆಳಗೆ ಕೆಲಸ ಮಾಡುವುದು ಆಗ ಎಷ್ಟು ಜನರಿಗೆ ಹಿತವಾಗಿದ್ದೀತು? ಈಗಲೂ ನಮ್ಮ ಆಫೀಸುಗಳಲ್ಲಿ ಮ್ಯಾನೇಜರ್ ಹೆಣ್ಣಾದರೆ ಕಾಫಿ ಯಂತ್ರದ ಹತ್ತಿರ ಬೇರೆಯೇ ಮಾತು ನಡೆಯುತ್ತದೆ. ಹೋದವರು ಹೋಗಲಿ ಎಂದು ಅವರು ಹೊಸಬರನ್ನು ಹುಡುಕಿದರು. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್ ಎಂಬ ಯುವಕನನ್ನು ಕೆಲಸಕ್ಕೆ ತೆಗೆದುಕೊಂಡು, ದಿಲೀಪ್ ಕುಮಾರ್ ಎಂದು ಹೆಸರು ಕೊಟ್ಟರು. ಅವರ ಮೊದಲ ಚಿತ್ರ 1944ರ 'ಜ್ವಾರ್ ಭಾಟಾ'.

1945ರಲ್ಲಿ ದೇವಿಕಾ ರಾಣಿ ತಮ್ಮ ಷೇರುಗಳನ್ನು ಮಾರಿ, ಸ್ಟುಡಿಯೋದಿಂದ ಹೊರಬಂದರು. ಮೂವತ್ತೇಳು ವರ್ಷ ವಯಸ್ಸು. ಮತ್ತೆ ಎಂದೂ ಬಣ್ಣ ಹಚ್ಚಲಿಲ್ಲ. ಅದೇ ವರ್ಷ ರಷ್ಯಾದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಚಿತ್ರಕಾರ ನಿಕೊಲಸ್ ರೋರಿಕ್ ಅವರ ಮಗ. ಕುಲು ಕಣಿವೆಯ ನಗ್ಗರ್‌ನಲ್ಲಿ ಕೆಲಕಾಲ ಇದ್ದು, ಆಮೇಲೆ ಬೆಂಗಳೂರಿಗೆ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. ನಾನೂರ ಅರವತ್ತೆಂಟು ಎಕರೆಯ ತೋಟ. ಸುಗಂಧದ ಎಣ್ಣೆ ತೆಗೆಯುವ ಬರ್ಸೆರಾ ಎಂಬ ಮರಗಳನ್ನು ಬೆಳೆಸಿದರು. ಮೆಕ್ಸಿಕೋ ಕಡೆಯ ಮರ ಅದು. ಜರ್ಮನಿಯ ಸ್ಟುಡಿಯೋದಿಂದ ಬಂದ ಹೆಣ್ಣು, ರಷ್ಯಾದ ಗಂಡು, ಮೆಕ್ಸಿಕೋದ ಮರ, ಎಲ್ಲವೂ ನಮ್ಮ ಕೆಂಪು ಮಣ್ಣಿನಲ್ಲಿ ಬೇರುಬಿಟ್ಟವು. ರೋರಿಕ್ ಅವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಒತ್ತಾಸೆಯಾಗಿ ನಿಂತರು. ಅವರ ಚಿತ್ರಗಳ ಗ್ಯಾಲರಿ ಇಂದಿಗೂ ಅಲ್ಲಿದೆ.

1958ರಲ್ಲಿ ಪದ್ಮಶ್ರೀ ಬಂತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 1969ನೇ ಸಾಲಿನಿಂದ ಕೊಡಲು ಶುರು ಮಾಡಿದಾಗ ಮೊಟ್ಟಮೊದಲನೆಯದು ಇವರಿಗೆ. ಮುಂದೆ ಇದೇ ಪ್ರಶಸ್ತಿ ನಮ್ಮ ಡಾ. ರಾಜ್‌ಕುಮಾರ್ ಅವರಿಗೆ ಬಂದಾಗ ಊರೂರಲ್ಲಿ ಸಂಭ್ರಮ. ಅದರ ಮೊದಲ ಫಲಕ ಇದ್ದ ಮನೆ ಕನಕಪುರ ರಸ್ತೆಯಲ್ಲೇ ಇತ್ತು.

ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಮಕ್ಕಳಿಲ್ಲ. ಇಬ್ಬರಿಗೂ ಕಾಯಿಲೆ. ತೋಟ ಬಿಟ್ಟು ಬೆಂಗಳೂರಿನ ಹೋಟೆಲೊಂದರಲ್ಲಿ ವಾಸ. ಆಸ್ತಿ, ಒಡವೆ, ಚಿತ್ರಗಳ ಸುತ್ತ ಜನ, ಕಾಗದಪತ್ರ, ಜಗಳ. ರೋರಿಕ್ 1993ರ ಜನವರಿಯಲ್ಲಿ ತೀರಿಕೊಂಡರು. ದೇವಿಕಾ ರಾಣಿ 1994ರ ಮಾರ್ಚ್ 9ರಂದು. ಸರ್ಕಾರಿ ಗೌರವ ಸಿಕ್ಕಿತು. ನಂತರ ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿ ತೋಟವನ್ನು ವಶಕ್ಕೆ ತೆಗೆದುಕೊಂಡಿತು. ಕೋರ್ಟಿನಲ್ಲಿ ಆ ವ್ಯಾಜ್ಯ ವರ್ಷಗಟ್ಟಲೆ ನಡೆದು, 2011ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಹಾಸನದಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ ನಾನು ಬಾಡಿಗೆಗೆ ಇದ್ದದ್ದು ಕನಕಪುರ ರಸ್ತೆಯಲ್ಲೇ. ಈಗ ಹಸಿರು ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ಅಲ್ಲಿಂದ ಮುಂದೆ ತಾತಗುಣಿ. ಎಷ್ಟೋ ಶನಿವಾರ ಸ್ನೇಹಿತರ ಜೊತೆ ಆ ದಾರಿಯಲ್ಲಿ ಬೈಕಿನಲ್ಲಿ ಹೋಗಿದ್ದೇನೆ. ಅಪಾರ್ಟ್‌ಮೆಂಟುಗಳ ನಡುವೆ ಇದ್ದಕ್ಕಿದ್ದಂತೆ ಕಾಡಿನ ಹಾಗೆ ಮರ ತುಂಬಿದ ಜಾಗ ಬರುತ್ತಿತ್ತು. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಬರುತ್ತವೆ ಎಂದು ಹೇಳುತ್ತಿದ್ದರು. ಅರಣ್ಯ ಇಲಾಖೆಯದಿರಬೇಕು ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಮೇಷ್ಟ್ರು ಕೇಳಿದ್ದ ಪ್ರಶ್ನೆಯ ಉತ್ತರ ಅಲ್ಲಿ ಬೇಲಿಯ ಒಳಗಿತ್ತು.

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದಾಗ 'ಅಛೂತ್ ಕನ್ಯಾ' ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಅಜ್ಜಿಗೆ ತೋರಿಸಿದೆ. ಎಂಬತ್ತು ದಾಟಿದ ಕಣ್ಣು. ಹಿಂದಿ ಬಾರದು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ದೇವಿಕಾ ರಾಣಿಯ ತಿದ್ದಿದ ಹುಬ್ಬನ್ನು ನೋಡಿ, ಗೇಟ್‌ಮನ್ ಮಗಳಿಗೆ ಇಷ್ಟು ಪುರುಸೊತ್ತು ಎಲ್ಲಿರುತ್ತೆ ಎಂದರು. ಗೇಟಿನ ಮನೆ ಬಂದಾಗ, ನಮ್ಮದಕ್ಕಿಂತ ದೊಡ್ಡದಿದೆ ಎಂದರು. ಆಮೇಲೆ ಮಾತಾಡಲಿಲ್ಲ. ಕೊನೆಯಲ್ಲಿ ರೈಲು ಬರುವಾಗ ಹುಡುಗಿ ಹಳಿಯ ಮೇಲೆ ಓಡುವುದನ್ನು ಕಂಡು ಮಾತ್ರ, ಕೆಂಪು ಬಾವುಟ ಎಲ್ಲಿ, ಬಾವುಟ ತಗೊಳ್ಳದೆ ಯಾಕೆ ಓಡ್ತಾಳೆ ಎಂದು ಜೋರಾಗಿ ಬೈದರು. ಚಿತ್ರ ಮುಗಿದ ಮೇಲೆ ಎದ್ದು ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟರು. ಅಷ್ಟು ಹೊತ್ತು ಮಾತಾಡಿದ್ದೀಯ, ಗಂಟಲು ಒಣಗಿರುತ್ತೆ ಕುಡಿ ಎಂದರು.